ಕಣ್ಣು ಒಣಗುತ್ತಿದ್ದರೆ ವಿಟಮಿನ್ ಮಾತ್ರೆ ನುಂಗಬೇಕೆ? ಮೀನೆಣ್ಣೆ, ಅಗಸೆ, ಕ್ಯಾರೆಟ್ ಬಗ್ಗೆ ಗೊತ್ತಿರುವ ಸಂಗತಿಗಳು

ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆಯೇ? ಸಂಜೆಯಾದರೆ ಉರಿಯೇ? ದಿನಾ ಎರಡು ಕ್ಯಾರೆಟ್ ತಿನ್ನಿ, ಬೆಳಿಗ್ಗೆ ಒಂದು ಚಮಚ ಅಗಸೆ ಬೀಜ, ರಾತ್ರಿ ಒಂದು ಮೀನೆಣ್ಣೆ ಕ್ಯಾಪ್ಸೂಲ್. ವಿಟಮಿನ್ ಕೊರತೆ ನೀಗಿ ಕೆಲವೇ ದಿನಗಳಲ್ಲಿ ಕಣ್ಣು ಮೊದಲಿನಂತೆ ತೇವವಾಗುತ್ತದೆ. ಇಂಥ ಸಂದೇಶಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಸುತ್ತುತ್ತಲೇ ಇರುತ್ತವೆ. ಕೆಲವುದರ ಕೊನೆಯಲ್ಲಿ ‘ನನಗೇ ವಾಸಿಯಾಗಿದೆ, ನೀವೂ ಮಾಡಿ ನೋಡಿ’ ಎಂಬ ಮಾತೂ ಇರುತ್ತದೆ.

ಅವಸರದಲ್ಲಿರುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇವೆ. ಸೊಪ್ಪು, ತರಕಾರಿ, ಅಗಸೆ, ಮೀನು ತಿನ್ನುವುದು ಒಳ್ಳೆಯದೇ. ಆದರೆ ನಮ್ಮಲ್ಲಿ ಬಹುತೇಕ ದೊಡ್ಡವರ ಕಣ್ಣು ಒಣಗುತ್ತಿರುವುದು ವಿಟಮಿನ್ ಕೊರತೆಯಿಂದಲ್ಲ. ಹಾಗಾಗಿ ಮಾತ್ರೆಯಿಂದ ಅದು ವಾಸಿಯಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ವಿಟಮಿನ್ ಎ ಕೊರತೆಯಿಂದ ಕಣ್ಣು ಒಣಗುವ ಕಾಯಿಲೆ ಇರುವುದು ನಿಜ. ಅದು ಬೇರೆಯೇ ಕಾಯಿಲೆ, ಕಣ್ಣನ್ನೇ ಕಳೆಯಬಲ್ಲದ್ದು. ಎರಡನ್ನೂ ಒಂದೇ ಎಂದುಕೊಳ್ಳುವುದರಲ್ಲೇ ಈ ಫಾರ್ವರ್ಡ್‌ಗಳ ಅಪಾಯ ಇದೆ.

ಕಣ್ಣೀರು ಬರೀ ನೀರಲ್ಲ

ನಮ್ಮ ಕಣ್ಣಿನ ಮೇಲೆ ಸದಾ ತೆಳುವಾದ ಒಂದು ಪೊರೆ ಹರಡಿರುತ್ತದೆ. ಅದರ ಬಹುಭಾಗ ನೀರು. ಹುಬ್ಬಿನ ಕೆಳಗೆ ಹೊರ ಮೂಲೆಯಲ್ಲಿರುವ ಕಣ್ಣೀರಿನ ಗ್ರಂಥಿಯಿಂದ ಅದು ಬರುತ್ತದೆ. ಆ ನೀರು ಕಣ್ಣಿಗೆ ಅಂಟಿ ನಿಲ್ಲಲು ಲೋಳೆ ಬೇಕು. ಬಿಳಿಗುಡ್ಡೆಯ ಮೇಲಿನ ಪದರದಲ್ಲಿರುವ ಸಣ್ಣ ಕೋಶಗಳು ಅದನ್ನು ಒಸರುತ್ತವೆ. ಮೇಲುಗಡೆ, ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆಯಂತೆ, ತೀರಾ ತೆಳುವಾದ ಕೊಬ್ಬಿನ ಪದರವಿರುತ್ತದೆ. ನೀರು ಬೇಗ ಆವಿಯಾಗದಂತೆ ತಡೆಯುವುದು ಇದೇ.

ಈ ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಗ್ರಂಥಿಗಳಿಂದ. 1666ರಲ್ಲಿ ಇವುಗಳನ್ನು ವಿವರಿಸಿದ ಜರ್ಮನ್ ವೈದ್ಯ ಹೈನ್ರಿಕ್ ಮೈಬೋಮ್ ಹೆಸರಿನಿಂದ ಇವಕ್ಕೆ ಮೈಬೋಮಿಯನ್ ಗ್ರಂಥಿಗಳು ಎನ್ನುತ್ತಾರೆ. ಪ್ರತಿ ರೆಪ್ಪೆಯಲ್ಲೂ ಇಂಥವು ಇಪ್ಪತ್ತಕ್ಕೂ ಹೆಚ್ಚು ಇರುತ್ತವೆ, ಮೇಲಿನ ರೆಪ್ಪೆಯಲ್ಲಿ ಇನ್ನಷ್ಟು. ನಾವು ಪ್ರತಿ ಸಲ ಕಣ್ಣು ಮಿಟುಕಿಸಿದಾಗ ಒಂದೊಂದು ಚೂರು ಎಣ್ಣೆ ಹೊರಬಂದು ಕಣ್ಣಿನ ಮೇಲೆ ಹರಡುತ್ತದೆ.

ಡ್ರೈ ಐ ಎಂದು ಡಾಕ್ಟರ ಬಳಿ ಹೋಗುವವರಲ್ಲಿ ಹೆಚ್ಚಿನವರಿಗೆ ಇರುವ ತೊಂದರೆ ಈ ಎಣ್ಣೆಯದ್ದು. ಗ್ರಂಥಿಯ ಬಾಯಿ ಕಟ್ಟಿಕೊಂಡಿರುತ್ತದೆ, ಅಥವಾ ಒಳಗಿನ ಎಣ್ಣೆ ಗಟ್ಟಿಯಾಗಿರುತ್ತದೆ. ಕಣ್ಣೀರು ಸಾಕಷ್ಟು ಬಂದರೂ ನಿಲ್ಲುವುದಿಲ್ಲ, ಆರಿಹೋಗುತ್ತದೆ. ಕಣ್ಣು ಉರಿದಾಗ ಗಾಬರಿಬಿದ್ದಂತೆ ಒಮ್ಮೆಲೇ ನೀರು ಸುರಿಯುವುದೂ ಉಂಟು. ‘ನನ್ನ ಕಣ್ಣಲ್ಲಿ ನೀರು ಬರ್ತಾನೇ ಇರುತ್ತೆ, ಒಣಗೋದು ಎಲ್ಲಿಂದ ಬಂತು?’ ಎಂದು ಕೇಳುವವರ ಸಮಸ್ಯೆಯೂ ಎಷ್ಟೋ ಸಲ ಇದೇ ಆಗಿರುತ್ತದೆ.

ಮೊಬೈಲ್ ಇಲ್ಲಿಗೆ ಹೇಗೆ ಬರುತ್ತದೆ ನೋಡಿ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಸುಮಾರು 15 ಸಲ ಕಣ್ಣು ಮಿಟುಕಿಸುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. ಮಿಟುಕಿಸಿದರೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಎಣ್ಣೆ ಹೊರಬರುವುದಿಲ್ಲ, ಬಂದದ್ದು ಹರಡುವುದಿಲ್ಲ. ಇದನ್ನು ಯಾವ ವಿಟಮಿನ್ ಸರಿಮಾಡಬೇಕು?

ಮೀನೆಣ್ಣೆಯನ್ನು ಪರೀಕ್ಷೆಗೆ ಒಡ್ಡಿದಾಗ

ಒಮೆಗಾ-3 ಕೊಬ್ಬು ಉರಿಯೂತವನ್ನು ಕಡಿಮೆ ಮಾಡಬಲ್ಲದು, ರೆಪ್ಪೆಯ ಎಣ್ಣೆಯ ಗುಣವನ್ನು ಸುಧಾರಿಸಬಹುದು ಎಂಬ ವಾದ ತರ್ಕಕ್ಕೆ ಒಪ್ಪುವಂತಿತ್ತು. ಸಣ್ಣ, ಕೆಲವೇ ತಿಂಗಳ ಪ್ರಯೋಗಗಳಲ್ಲಿ ಒಳ್ಳೆಯ ಫಲಿತಾಂಶಗಳೂ ಬಂದಿದ್ದವು. ನಮ್ಮ ದೇಶದಲ್ಲಿ ಕಂಪ್ಯೂಟರ್ ಮುಂದೆ ಕೆಲಸ ಮಾಡುವವರ ಮೇಲೆ ನಡೆದ ಪ್ರಯೋಗವೂ ಅವುಗಳಲ್ಲಿ ಒಂದು. ಹಾಗಾಗಿ ಕಣ್ಣಿನ ಡಾಕ್ಟರುಗಳೇ ಇದನ್ನು ಬರೆದುಕೊಡುತ್ತಿದ್ದರು. ಈಗಲೂ ಕೆಲವರು ಬರೆಯುತ್ತಾರೆ. ಫಾರ್ವರ್ಡ್ ಮಾಡುವವರು ಇದನ್ನು ಗಾಳಿಯಿಂದ ಹಿಡಿದು ತಂದಿದ್ದಲ್ಲ.

ಅನುಮಾನ ಬಗೆಹರಿಸಲು ಅಮೆರಿಕದಲ್ಲಿ ದೊಡ್ಡ ಪ್ರಯೋಗವೊಂದು ನಡೆಯಿತು. ಅದರ ಚಿಕ್ಕ ಹೆಸರು ‘ಡ್ರೀಮ್’. ಫಲಿತಾಂಶ 2018ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಮಧ್ಯಮದಿಂದ ತೀವ್ರ ಮಟ್ಟದ ಡ್ರೈ ಐ ಇದ್ದ 535 ಮಂದಿಯನ್ನು 27 ಕೇಂದ್ರಗಳಲ್ಲಿ ಒಂದು ವರ್ಷ ಗಮನಿಸಿದರು. ಒಂದು ಗುಂಪಿಗೆ ದಿನಕ್ಕೆ 3,000 ಮಿಲಿಗ್ರಾಂ ಒಮೆಗಾ-3. ಇನ್ನೊಂದು ಗುಂಪಿಗೆ ನೋಡಲು ಅದೇ ಥರದ, ಒಳಗೆ ಆಲಿವ್ ಎಣ್ಣೆ ಇದ್ದ ಕ್ಯಾಪ್ಸೂಲ್. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ಡಾಕ್ಟರಿಗೂ ಗೊತ್ತಿಲ್ಲ.

ತೊಂದರೆಯನ್ನು ನೂರು ಅಂಕಗಳ ಪಟ್ಟಿಯಲ್ಲಿ ಅಳೆದರು. ಅಂಕ ಹೆಚ್ಚಿದ್ದಷ್ಟೂ ತೊಂದರೆ ಹೆಚ್ಚು. ವರ್ಷದ ಕೊನೆಗೆ ಮೀನೆಣ್ಣೆಯವರ ಅಂಕ ಸರಾಸರಿ 13.9ರಷ್ಟು ಇಳಿದಿತ್ತು. ಆಲಿವ್ ಎಣ್ಣೆಯವರದ್ದು 12.5ರಷ್ಟು. ಹತ್ತು ಅಂಕಕ್ಕಿಂತ ಹೆಚ್ಚಿನ ಸುಧಾರಣೆ ಕಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 61, ಎರಡನೆಯದರಲ್ಲಿ ನೂರಕ್ಕೆ 54. ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು. ಕಣ್ಣನ್ನು ನೇರವಾಗಿ ಪರೀಕ್ಷಿಸಿ ನೋಡಿದಾಗಲೂ ಎರಡು ಗುಂಪುಗಳ ನಡುವೆ ಗಣನೆಗೆ ಬರುವ ಅಂತರ ಕಾಣಲಿಲ್ಲ.

ಈ ಅಂಕಿಗಳಲ್ಲಿ ನಮಗೆ ಮುಖ್ಯವೆನಿಸುವುದು ಆ 54. ಪ್ರಯೋಗದಲ್ಲಿ ಮೀನೆಣ್ಣೆ ಸಿಗದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹಾಯೆನಿಸಿದೆ! ಡ್ರೈ ಐ ಏರಿಳಿಯುವ ಕಾಯಿಲೆ. ಬೇಸಿಗೆಯ ಒಣಗಾಳಿಯಲ್ಲಿ, ಎಸಿ ಕೋಣೆಯಲ್ಲಿ, ಕೆಲಸದ ಒತ್ತಡದ ದಿನಗಳಲ್ಲಿ ಹೆಚ್ಚುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಮಾತ್ರೆ ಶುರುಮಾಡುವುದು ತೊಂದರೆ ನೆತ್ತಿಗೇರಿದಾಗ. ಅಲ್ಲಿಂದ ಅದು ಹೇಗೂ ಇಳಿಯಬೇಕಾಗಿತ್ತು. ಜೊತೆಗೆ ಮದ್ದು ತೆಗೆದುಕೊಳ್ಳುತ್ತಿದ್ದೇನೆ ಎಂಬ ನಂಬಿಕೆಯೂ ಕೆಲಸ ಮಾಡುತ್ತದೆ. ಹೀಗಾಗಿ ‘ನನಗೆ ವಾಸಿಯಾಯಿತು’ ಎಂದು ಬರೆದ ನಿಮ್ಮ ಚಿಕ್ಕಮ್ಮ ಸುಳ್ಳು ಹೇಳುತ್ತಿಲ್ಲ. ವಾಸಿಯಾಗಿದ್ದು ನಿಜ, ಅದು ಕ್ಯಾಪ್ಸೂಲಿನಿಂದಲೇ ಎನ್ನುವುದಕ್ಕೆ ಮಾತ್ರ ಅವರ ಅನುಭವ ಪುರಾವೆಯಾಗುವುದಿಲ್ಲ.

ಆಲಿವ್ ಎಣ್ಣೆಯೂ ಒಳ್ಳೆಯದೇ ಅಲ್ಲವೆ, ಅದೇ ಗುಣ ಮಾಡಿರಬಾರದೇಕೆ ಎಂದು ಆಗ ಕೆಲವು ವೈದ್ಯರು ತಕರಾರು ತೆಗೆದರು. ಕೊಟ್ಟದ್ದು ದಿನಕ್ಕೆ ಸುಮಾರು ಒಂದು ಟೀ ಚಮಚ. ನಾವು ದೋಸೆಗೆ ಅದಕ್ಕಿಂತ ಹೆಚ್ಚು ಎಣ್ಣೆ ಹಾಕುತ್ತೇವೆ. ಹೋಗಲಿ, ಮೀನೆಣ್ಣೆ ತಿಂದ ಗುಂಪಿನವರಲ್ಲಿ ಕೆಲವರು ಎರಡನೆಯ ವರ್ಷ ಅದನ್ನು ನಿಲ್ಲಿಸಿದರು, ಕೆಲವರು ಮುಂದುವರಿಸಿದರು. ನಿಲ್ಲಿಸಿದವರ ಕಣ್ಣು ಕೆಡಲಿಲ್ಲ. ಈ ಭಾಗದಲ್ಲಿ ಇದ್ದವರು ಬರೀ 43 ಮಂದಿ, ಹಾಗಾಗಿ ಅದನ್ನೇ ಕೊನೆಯ ಮಾತು ಎನ್ನಲಾಗದು.

ಬಾರದಂತೆ ತಡೆಯಲಾದರೂ ಮೀನೆಣ್ಣೆ ಸಹಾಯ ಮಾಡುತ್ತದೆಯೇ? ಅಮೆರಿಕದಲ್ಲಿ ಐವತ್ತು ದಾಟಿದ 23 ಸಾವಿರಕ್ಕೂ ಹೆಚ್ಚು ಮಂದಿಯನ್ನು ಐದು ವರ್ಷಕ್ಕೂ ಮೇಲ್ಪಟ್ಟು ಗಮನಿಸಿದ ‘ವೈಟಲ್’ ಎಂಬ ಇನ್ನೊಂದು ಪ್ರಯೋಗದ ವರದಿ 2022ರಲ್ಲಿ ಬಂತು. ದಿನಾ ಒಂದು ಗ್ರಾಂ ಮೀನೆಣ್ಣೆ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಡ್ರೈ ಐ ಬರುವುದರಲ್ಲಿ ಹೆಚ್ಚುಕಡಿಮೆ ಕಾಣಲಿಲ್ಲ.

ಡಬ್ಬಿಯ ಹಿಂದಿನ ಲೆಕ್ಕ

ಔಷಧ ಅಂಗಡಿಯಲ್ಲಿ ಸಿಗುವ ಮೀನೆಣ್ಣೆ ಡಬ್ಬಿಯ ಮುಂದೆ 1,000 ಮಿಲಿಗ್ರಾಂ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಹಿಂದೆ ತಿರುಗಿಸಿ ಸಣ್ಣಕ್ಷರ ಓದಿ. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಿಲಿಗ್ರಾಂ ಒಮೆಗಾ-3 ಇರುತ್ತದೆ, ಉಳಿದದ್ದು ಬೇರೆ ಕೊಬ್ಬು. ಅಂದರೆ ಡ್ರೀಮ್ ಪ್ರಯೋಗದಲ್ಲಿ ಕೊಟ್ಟಷ್ಟು ಬೇಕೆಂದರೆ ಇಂಥವನ್ನು ದಿನಕ್ಕೆ ಹತ್ತು ನುಂಗಬೇಕು. ಅಷ್ಟು ಕೊಟ್ಟರೂ ಆಲಿವ್ ಎಣ್ಣೆಗಿಂತ ಮೇಲಾಗದ್ದನ್ನು ದಿನಕ್ಕೊಂದರಂತೆ ತಿಂಗಳಿಡೀ ನುಂಗಿ ಹಣ ಕಳೆಯುವುದು ಯಾಕೆ ಎಂಬುದು ನಮ್ಮ ಪ್ರಶ್ನೆ. ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಎದೆಬಡಿತ ಏರುಪೇರಾಗುವ ಒಂದು ತೊಂದರೆ ಸ್ವಲ್ಪ ಹೆಚ್ಚುವುದು ಹೃದಯದ ಮೇಲಿನ ದೊಡ್ಡ ಪ್ರಯೋಗಗಳಲ್ಲಿ ಕಂಡಿದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಕಾಡ್ ಲಿವರ್ ಆಯಿಲ್ ಮತ್ತು ಮೀನೆಣ್ಣೆ ಒಂದೇ ಅಲ್ಲ. ಮೊದಲನೆಯದು ಮೀನಿನ ಯಕೃತ್ತಿನ ಎಣ್ಣೆ, ಅದರಲ್ಲಿ ವಿಟಮಿನ್ ಎ ಮತ್ತು ಡಿ ಹೇರಳ. ಇದು ಏಕೆ ಮುಖ್ಯ ಎಂಬುದು ಮುಂದೆ ಗೊತ್ತಾಗುತ್ತದೆ.

ಅಗಸೆಯಲ್ಲಿರುವ ಒಮೆಗಾ-3 ಬೇರೆ ಬಗೆಯದು. ಅದರಲ್ಲಿ ಸ್ವಲ್ಪ ಭಾಗವನ್ನಷ್ಟೇ ದೇಹ ಇಪಿಎ ಆಗಿ ಬದಲಾಯಿಸಿಕೊಳ್ಳುತ್ತದೆ, ಡಿಎಚ್‌ಎ ಆಗಿ ಬದಲಾಗುವುದು ಇನ್ನೂ ಕಡಿಮೆ. ಇಡೀ ಬೀಜ ನುಂಗಿದರೆ ಅದು ಬಹುಮಟ್ಟಿಗೆ ಹಾಗೆಯೇ ಹೊರಹೋಗುತ್ತದೆ, ಪುಡಿ ಮಾಡಿಯೇ ತಿನ್ನಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯ ಜೊತೆ ಅಗಸಿ ಹಿಂಡಿ ಬಡಿಸುತ್ತಾ ಬಂದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇವೆ. ಒಮೆಗಾ-3 ಧಾರಾಳವಾಗಿರುವ, ದುಬಾರಿಯಲ್ಲದ ಮೀನುಗಳು. ಇವನ್ನೆಲ್ಲ ಊಟವೆಂದು ತಿನ್ನಿ, ಕಣ್ಣಿನ ಮದ್ದೆಂದು ಲೆಕ್ಕ ಹಾಕಬೇಡಿ.

ವಿಟಮಿನ್ ಎ: ಕಡಿಮೆಯಾದರೂ ಕೇಡು, ಹೆಚ್ಚಾದರೂ ಕೇಡು

ಈಗ ಫಾರ್ವರ್ಡ್‌ನಲ್ಲಿರುವ ನಿಜದ ತುಣುಕಿಗೆ ಬರೋಣ. ಕಣ್ಣಿನ ಲೋಳೆ ಒಸರುವ ಕೋಶಗಳು ಬದುಕಲು ವಿಟಮಿನ್ ಎ ಬೇಕೇ ಬೇಕು. ಅದು ತೀರಾ ಕಡಿಮೆಯಾದರೆ ಕಣ್ಣಿನ ಹೊರಪದರ ಚರ್ಮದಂತೆ ಒರಟಾಗುತ್ತದೆ. ಈ ಕಾಯಿಲೆಗೆ ಜೆರಾಫ್ತಾಲ್ಮಿಯಾ ಎಂದು ಹೆಸರು, ಗ್ರೀಕ್‌ನಲ್ಲಿ ಹಾಗೆಂದರೆ ಒಣಗಿದ ಕಣ್ಣು ಎಂದೇ ಅರ್ಥ.

ಸಾಮಾನ್ಯವಾಗಿ ಮೊದಲು ಕಾಣಿಸುವುದು ಇರುಳುಗುರುಡು. ಮಗು ಹಗಲೆಲ್ಲ ಓಡಾಡಿಕೊಂಡಿದ್ದು ಮುಸ್ಸಂಜೆಯಾಗುತ್ತಲೇ ಎಡವುತ್ತದೆ, ಮಬ್ಬು ಬೆಳಕಿನಲ್ಲಿ ತಟ್ಟೆಗೆ ತಡಕಾಡುತ್ತದೆ. ಆಮೇಲೆ ಬಿಳಿಗುಡ್ಡೆ ಹೊಳಪು ಕಳೆದುಕೊಳ್ಳುತ್ತದೆ. ಕಪ್ಪುಗುಡ್ಡೆಯ ಪಕ್ಕದಲ್ಲಿ, ಹೆಚ್ಚಾಗಿ ಕಿವಿಯ ಕಡೆಗೆ, ಸೋಪಿನ ನೊರೆ ಅಂಟಿದಂಥ ಬೂದುಬಿಳಿ ಮಚ್ಚೆ ಏಳುತ್ತದೆ. ಇದಕ್ಕೆ ಬಿಟಾಟ್ ಮಚ್ಚೆ ಎನ್ನುತ್ತಾರೆ. ಈ ಹಂತದಲ್ಲೂ ಸುಮ್ಮನಿದ್ದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾ ಒಣಗಿ, ಮೆತ್ತಗಾಗಿ, ಕರಗಿಯೇ ಹೋಗಬಹುದು. ದಡಾರ ಬಂದ, ಅಪೌಷ್ಟಿಕತೆ ಇರುವ ಮಕ್ಕಳಲ್ಲಿ ಇದು ದಿನಗಳೊಳಗೇ ಆಗಿಬಿಡಬಹುದು. ಹೋದ ಕಣ್ಣು ಮತ್ತೆ ಬಾರದು.

ಇದನ್ನು ತಡೆಯಲೆಂದೇ ಭಾರತ 1970ರಿಂದ ಮಕ್ಕಳಿಗೆ ವಿಟಮಿನ್ ಎ ದ್ರಾವಣ ಕುಡಿಸುತ್ತಿದೆ. ಒಂಬತ್ತನೆಯ ತಿಂಗಳಲ್ಲಿ ದಡಾರ ಲಸಿಕೆಯ ಜೊತೆ ಒಂದು ಲಕ್ಷ ಯೂನಿಟ್, ಆಮೇಲೆ ಐದು ವರ್ಷ ತುಂಬುವವರೆಗೆ ಆರಾರು ತಿಂಗಳಿಗೊಮ್ಮೆ ಎರಡೆರಡು ಲಕ್ಷ, ಒಟ್ಟು ಒಂಬತ್ತು ಬಾರಿ. ಅಂಗನವಾಡಿಯಲ್ಲಿ, ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ನಿಮ್ಮ ಮಗುವಿನ ತಾಯಿ ಕಾರ್ಡಿನಲ್ಲಿ ಈ ಸಾಲು ತುಂಬಿದೆಯೇ ನೋಡಿ. ಸಂಜೆ ಎಡವುವ ಅಥವಾ ಕಣ್ಣಲ್ಲಿ ನೊರೆ ಮಚ್ಚೆ ಇರುವ ಮಗುವಿಗೆ ಮಾತ್ರ ಕ್ಯಾರೆಟ್ ಕೊಡುತ್ತಾ ಕಾಯಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ದೊಡ್ಡವರಲ್ಲಿ ಈ ಕೊರತೆ ಅಪರೂಪ. ಕರುಳಿನ ದೀರ್ಘಕಾಲದ ಕಾಯಿಲೆ, ಕುಡಿತದಿಂದ ಕೆಟ್ಟ ಯಕೃತ್ತು, ತೂಕ ಇಳಿಸಲು ಮಾಡಿಸಿಕೊಂಡ ಹೊಟ್ಟೆಯ ಶಸ್ತ್ರಚಿಕಿತ್ಸೆ, ವರ್ಷಗಟ್ಟಲೆ ಒಂದೆರಡೇ ಪದಾರ್ಥ ತಿಂದು ಬದುಕುವ ಅಭ್ಯಾಸ, ಇಂಥವು ಇದ್ದರೆ ಡಾಕ್ಟರು ಆ ದಿಕ್ಕಿನಲ್ಲಿ ಯೋಚಿಸುತ್ತಾರೆ, ರಕ್ತ ಪರೀಕ್ಷೆ ಮಾಡಿಸುತ್ತಾರೆ. ಆಫೀಸಿನಲ್ಲಿ ಎಂಟು ತಾಸು ಪರದೆ ನೋಡಿ ಕಣ್ಣುರಿ ಎನ್ನುವ, ಹೊಟ್ಟೆ ತುಂಬ ಉಂಡು ಆರೋಗ್ಯವಾಗಿರುವ ವ್ಯಕ್ತಿಗೆ ಇದು ಅನ್ವಯಿಸುವುದಿಲ್ಲ. ಇರುವ ವಿಟಮಿನ್‌ಗೆ ಇನ್ನಷ್ಟು ಸೇರಿಸಿದರೆ ಕಣ್ಣೀರು ಹೆಚ್ಚುವುದಿಲ್ಲ.

ಬದಲಿಗೆ ಕೆಡುಕಾಗಬಹುದು. ವಿಟಮಿನ್ ಸಿ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ವಿಟಮಿನ್ ಎ ಹಾಗಲ್ಲ, ಯಕೃತ್ತಿನಲ್ಲಿ ಕೂಡಿಡುತ್ತಾ ಹೋಗುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಗಂಡಸರಿಗೆ 1,000, ಹೆಂಗಸರಿಗೆ 840 ಮೈಕ್ರೋಗ್ರಾಂ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಮೀರಬಾರದ ಮಿತಿ 3,000 ಮೈಕ್ರೋಗ್ರಾಂ, ಅಂದರೆ ಹತ್ತು ಸಾವಿರ ಯೂನಿಟ್. 25 ಸಾವಿರ ಯೂನಿಟ್‌ನ ಒಂದು ಕ್ಯಾಪ್ಸೂಲ್ ಇದರ ಎರಡೂವರೆ ಪಟ್ಟು. ಅದನ್ನು ತಿಂಗಳುಗಟ್ಟಲೆ ನುಂಗಿದರೆ ತಲೆನೋವು, ಕೂದಲು ಉದುರುವುದು, ಒಣ ಚರ್ಮ, ಯಕೃತ್ತಿಗೆ ಹಾನಿ ಎಲ್ಲವೂ ಸಾಧ್ಯ. ಗರ್ಭಿಣಿಯರು ಮತ್ತು ಗರ್ಭಧಾರಣೆಗೆ ಸಿದ್ಧರಾಗುತ್ತಿರುವವರು ಇದನ್ನು ಡಾಕ್ಟರು ಹೇಳದೆ ಮುಟ್ಟಲೇಬಾರದು, ಮಗುವಿನ ಅಂಗಗಳು ವಿಕಾರವಾಗುವ ಅಪಾಯವಿದೆ. ಕಾಡ್ ಲಿವರ್ ಆಯಿಲ್ ಬಗ್ಗೆ ಆಗಲೇ ಎಚ್ಚರಿಸಿದ್ದು ಇದಕ್ಕೇ.

ಇನ್ನೊಂದು ವಿಚಿತ್ರ ಕೇಳಿ. ಹಟಮಾರಿ ಮೊಡವೆಗೆ ಚರ್ಮದ ಡಾಕ್ಟರು ಕೊಡುವ ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ವಿಟಮಿನ್ ಎ ಕುಟುಂಬದ್ದೇ. ಮುಖದ ಎಣ್ಣೆ ಗ್ರಂಥಿಗಳನ್ನು ಕುಗ್ಗಿಸಿ ಅದು ಮೊಡವೆ ನಿಲ್ಲಿಸುತ್ತದೆ. ಜೊತೆಗೆ ರೆಪ್ಪೆಯ ಎಣ್ಣೆ ಗ್ರಂಥಿಗಳನ್ನೂ ಸೊರಗಿಸುತ್ತದೆ. ಅದರ ಸಾಮಾನ್ಯ ಅಡ್ಡಪರಿಣಾಮಗಳಲ್ಲಿ ಒಂದು ಯಾವುದು ಗೊತ್ತೇ? ಕಣ್ಣು ಒಣಗುವುದು.

ಸೊಪ್ಪು ತರಕಾರಿಯಿಂದ ಈ ಅಪಾಯವಿಲ್ಲ. ಅವುಗಳಲ್ಲಿರುವುದು ಬೀಟಾ ಕ್ಯಾರೊಟಿನ್, ದೇಹ ಅದನ್ನು ಅಗತ್ಯಕ್ಕೆ ತಕ್ಕಷ್ಟು ಮಾತ್ರ ವಿಟಮಿನ್ ಎ ಆಗಿ ಮಾಡಿಕೊಳ್ಳುತ್ತದೆ. ಅತಿಯಾಗಿ ತಿಂದರೆ ಅಂಗೈ ಹಳದಿಯಾದೀತು, ಅಷ್ಟೆ. ಕ್ಯಾರೆಟ್ ಒಂದೇ ದೊಡ್ಡದೇನಲ್ಲ. ನುಗ್ಗೆ ಸೊಪ್ಪು, ಹರಿವೆ, ಮೆಂತ್ಯ, ಸಿಹಿಗುಂಬಳ, ಪಪ್ಪಾಯಿ, ಮಾವಿನ ಹಣ್ಣು ಎಲ್ಲದರಲ್ಲೂ ಇದು ಇದೆ. ಬೀಟಾ ಕ್ಯಾರೊಟಿನ್ ಕೊಬ್ಬಿನಲ್ಲಿ ಕರಗುವಂಥದ್ದು, ಹಾಗಾಗಿ ಬರೀ ಹೊಟ್ಟೆಗೆ ಹಸಿ ಕ್ಯಾರೆಟ್ ಜ್ಯೂಸ್ ಕುಡಿಯುವುದಕ್ಕಿಂತ ಎಣ್ಣೆಯ ಒಗ್ಗರಣೆ ಹಾಕಿದ ಸೊಪ್ಪಿನ ಪಲ್ಯ, ಬಸ್ಸಾರು ಮೇಲು.

ಉಳಿದ ವಿಟಮಿನ್‌ಗಳು

ವಿಟಮಿನ್ ಡಿ ಕಡಿಮೆ ಇರುವವರಲ್ಲಿ ಡ್ರೈ ಐ ಹೆಚ್ಚು ಕಾಣುತ್ತದೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ಎರಡೂ ಜೊತೆಗೆ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಎಂದಾಗದು. ದಿನವಿಡೀ ಒಳಗೆ ಕುಳಿತು ಪರದೆ ನೋಡುವವರಿಗೆ ಬಿಸಿಲೂ ಕಡಿಮೆಯೇ. ಬಿ12 ಕೊರತೆ ನರಗಳಿಗೆ ಸಂಬಂಧಿಸಿದ್ದು, ಕಣ್ಣು ಒಣಗಿದ್ದಕ್ಕಿಂತ ನೋವು ಉರಿಯೇ ಜಾಸ್ತಿ ಎನ್ನುವ ಕೆಲವರಲ್ಲಿ ಅದರ ಪಾತ್ರ ಇರಬಹುದು. ಹಾಲು ಮೊಸರೂ ಕಡಿಮೆ ತಿನ್ನುವ ಸಸ್ಯಾಹಾರಿಗಳು ಬಿ12 ಪರೀಕ್ಷೆ ಮಾಡಿಸಿಕೊಳ್ಳುವುದು ಹೇಗೂ ಒಳ್ಳೆಯದು. ಇವೆರಡರ ಕೊರತೆ ರಕ್ತ ಪರೀಕ್ಷೆಯಲ್ಲಿ ಕಂಡರೆ ಸರಿಪಡಿಸಿಕೊಳ್ಳಿ, ಕಣ್ಣು ಒಣಗಿರಲಿ ಬಿಡಲಿ.

‘ಕಣ್ಣಿನ ಆರೋಗ್ಯಕ್ಕೆ’ ಎಂದು ಬರೆದ, ಲ್ಯೂಟಿನ್ ಇರುವ ದುಬಾರಿ ಡಬ್ಬಿಗಳು ಬೇರೆ ಕಥೆ. ಅವುಗಳ ಹಿಂದೆ ನಿಜವಾದ ಸಂಶೋಧನೆ ಇದೆ, 2013ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗದ ಫಲಿತಾಂಶ. ಆದರೆ ಅದು ವಯಸ್ಸಾದವರಲ್ಲಿ ಕಣ್ಣಿನ ಹಿಂಬದಿಯ ಪರದೆ ಸವೆಯುವ ಕಾಯಿಲೆಗೆ ಸಂಬಂಧಿಸಿದ್ದು. ಕಣ್ಣಿನ ಮುಂಭಾಗ ಒಣಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಏನು ಮಾಡಬೇಕು?

ಸಮಸ್ಯೆ ಎಣ್ಣೆ ಗ್ರಂಥಿಯದ್ದಾದರೆ ಮೊದಲ ಉಪಾಯಕ್ಕೆ ಹೆಚ್ಚು ಖರ್ಚಿಲ್ಲ. ಶುಭ್ರವಾದ ಬಟ್ಟೆಯನ್ನು ಕೈಗೆ ಹಿತವೆನಿಸುವಷ್ಟು ಬಿಸಿ ನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಐದರಿಂದ ಹತ್ತು ನಿಮಿಷ ಇಡಿ. ಬಟ್ಟೆ ಬೇಗ ಆರುತ್ತದೆ, ಆಗಾಗ ಮತ್ತೆ ಅದ್ದಬೇಕು. ಗಟ್ಟಿಯಾದ ಎಣ್ಣೆ ಮೆತ್ತಗಾದ ಮೇಲೆ ಶುಭ್ರವಾದ ಬೆರಳಿನಿಂದ ರೆಪ್ಪೆಯನ್ನು ಅಂಚಿನ ಕಡೆಗೆ ಹಗುರವಾಗಿ ನೀವಿ. ಒಂದು ದಿನ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ, ವಾರಗಟ್ಟಲೆ ಮಾಡಬೇಕು. ಫಾರ್ವರ್ಡ್ ಮಾಡುವಷ್ಟು ರೋಚಕವಲ್ಲ, ಒಪ್ಪುತ್ತೇವೆ.

ಮೊಬೈಲ್ ನೋಡುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡಿ, ರೆಪ್ಪೆ ಪೂರ್ತಿ ಮುಚ್ಚುವಂತೆ ಹತ್ತು ಸಲ ಮಿಟುಕಿಸಿ. ಕಂಪ್ಯೂಟರ್ ಪರದೆ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿದ್ದರೆ ಕಣ್ಣು ಕಡಿಮೆ ತೆರೆದಿರುತ್ತದೆ, ಕಡಿಮೆ ಒಣಗುತ್ತದೆ. ಫ್ಯಾನ್, ಎಸಿ ಗಾಳಿ ನೇರ ಮುಖಕ್ಕೆ ಬೀಸದಿರಲಿ.

ಕೃತಕ ಕಣ್ಣೀರಿನ ಡ್ರಾಪ್ಸ್ ಬಹಳ ಮಂದಿಗೆ ಆರಾಮ ಕೊಡುತ್ತವೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ ಸಂರಕ್ಷಕ ರಾಸಾಯನಿಕ ಇಲ್ಲದ್ದನ್ನು ಕೇಳಿ ಪಡೆಯಿರಿ, ಏಕೆಂದರೆ ಆ ರಾಸಾಯನಿಕವೇ ಕಣ್ಣನ್ನು ಕೆರಳಿಸಬಹುದು. ಅಂಗಡಿಯವರು ‘ಕೆಂಪು ಹೋಗುತ್ತದೆ’ ಎಂದು ಕೊಡುವ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇದ್ದರೆ ಎರಡು ದಿನದಲ್ಲಿ ಕಣ್ಣು ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ, ನೋವೇ ಇಲ್ಲದೆ ಗ್ಲಾಕೋಮಾದಿಂದ ದೃಷ್ಟಿ ಹೋಗಬಹುದು. ಜೇನು, ಈರುಳ್ಳಿ ರಸ, ಹರಳೆಣ್ಣೆ, ಎದೆಹಾಲು ಕಣ್ಣಿಗೆ ಬೇಡ. ಅಡುಗೆಮನೆಯ ಯಾವ ವಸ್ತುವೂ ಕ್ರಿಮಿರಹಿತವಲ್ಲ, ಒಣಗಿ ತರಚಿದ ಕಾರ್ನಿಯಾಕ್ಕೆ ಸೋಂಕು ಹತ್ತುವುದು ಸುಲಭ.

ನೀವು ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಕಡೆಗೂ ಒಮ್ಮೆ ನೋಡಿ. ನೆಗಡಿ, ಅಲರ್ಜಿಯ ಮಾತ್ರೆಗಳು, ಖಿನ್ನತೆಯ ಕೆಲವು ಔಷಧಗಳು, ಬಿಪಿಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳು ಕಣ್ಣನ್ನು ಒಣಗಿಸಬಲ್ಲವು. ತಾವಾಗಿ ನಿಲ್ಲಿಸದೆ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಮುಟ್ಟು ನಿಲ್ಲುವ ವಯಸ್ಸು, ಸಕ್ಕರೆ ಕಾಯಿಲೆ, ಥೈರಾಯ್ಡ್, ಕಾಂಟ್ಯಾಕ್ಟ್ ಲೆನ್ಸ್, ಲೇಸಿಕ್ ಅಥವಾ ಪೊರೆಯ ಆಪರೇಷನ್ ಇವೂ ಕಾರಣವಾಗಬಹುದು.

ಕಣ್ಣಿನ ಜೊತೆಗೆ ಬಾಯಿಯೂ ಒಣಗುತ್ತಿದ್ದು, ನೀರು ಕುಡಿಯದೆ ಒಣ ಚಪಾತಿ ನುಂಗಲಾಗದು, ಹಲ್ಲು ಬೇಗ ಹುಳುಕಾಗುತ್ತಿದೆ, ಕೀಲುಗಳಲ್ಲಿ ನೋವಿದೆ ಎಂದಾದರೆ ಮಾತ್ರೆ ಡಬ್ಬಿ ಬದಿಗಿಟ್ಟು ಡಾಕ್ಟರ ಬಳಿ ಹೋಗಿ. ಶೋಗ್ರನ್ ಸಿಂಡ್ರೋಮ್ ಎಂಬ, ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುವ ಕಾಯಿಲೆ ಇರಬಹುದು. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರನ್ 1933ರಲ್ಲಿ ಇದನ್ನು ವಿವರಿಸಿದರು. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಹೆಚ್ಚಿನವರು ನಡುವಯಸ್ಸಿನವರು. ‘ವಯಸ್ಸಾಯ್ತಲ್ಲ, ಸುಸ್ತು’ ಎಂದು ಮನೆಯವರೂ ಅವರೇ ಸ್ವತಃ ತಳ್ಳಿಹಾಕುತ್ತಾ ವರ್ಷಗಳು ಕಳೆದುಬಿಡುತ್ತವೆ. ಈ ಕಾಯಿಲೆ ಶ್ವಾಸಕೋಶ, ಮೂತ್ರಪಿಂಡದ ತನಕ ಹೋಗಬಲ್ಲದು.

ಪರೀಕ್ಷೆ ಕಷ್ಟದ್ದಲ್ಲ. ಕೆಳರೆಪ್ಪೆಗೆ ಒಂದು ಚಿಕ್ಕ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. ಅದು ಐದು ಮಿಲಿಮೀಟರ್‌ಗಿಂತ ಕಡಿಮೆ ಒದ್ದೆಯಾದರೆ ಕಣ್ಣೀರಿನ ಉತ್ಪಾದನೆಯೇ ಕಡಿಮೆ ಎಂದು ತಿಳಿಯುತ್ತದೆ. ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ಕಾರ್ನಿಯಾ ತರಚಿದೆಯೇ ನೋಡುತ್ತಾರೆ, ರೆಪ್ಪೆಯ ಅಂಚನ್ನು ಮೆಲ್ಲಗೆ ಒತ್ತಿ ಎಣ್ಣೆ ಹೇಗೆ ಬರುತ್ತಿದೆ ಎಂದು ನೋಡುತ್ತಾರೆ. ಒಮ್ಮೆ ಕಣ್ಣಿನ ಡಾಕ್ಟರ ಬಳಿ ಹೋದರೆ ತೊಂದರೆ ನೀರಿನದ್ದೋ, ಎಣ್ಣೆಯದ್ದೋ, ಎರಡರದ್ದೂ ಹೌದೋ ಎಂಬುದು ಸಾಮಾನ್ಯವಾಗಿ ತಿಳಿಯುತ್ತದೆ. ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆ, ಕ್ಯಾಪ್ಸೂಲ್, ಡ್ರಾಪ್ಸ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ವಾಟ್ಸ್‌ಆ್ಯಪ್ ನೋಡಿ ತರಿಸಿದವನ್ನೂ ಸೇರಿಸಿ.